ಆಗದ ಮದುವೆಯ ಊಟ ಚೆನ್ನಾಗಿತ್ತು

ಆನವಟ್ಟಿಯಲ್ಲಿ ಸಾವಿರ ಎಲೆ ಹಾಕಿ, ಹೋಳಿಗೆಗೆ ತುಪ್ಪ ಸುರಿದು, ಮುಯ್ಯಿ ಬರೆಸಿಕೊಂಡು ಮಾಡಿದ ಮದುವೆಯನ್ನು ನ್ಯಾಯಾಧೀಶರು ಅಸಿಂಧು ಎಂದುಬಿಟ್ಟರು ಅನ್ನಿ. ಊರಿಗೆ ಹುಟ್ಟುವ ಮೊದಲ ಪ್ರಶ್ನೆ: ಮುಯ್ಯಿ ವಾಪಸು ಬರ್ತತಾ? ಬರುವುದಿಲ್ಲ. 1955ರ ಹಿಂದೂ ವಿವಾಹ ಕಾಯಿದೆ ಉಂಡು ಹೋದವರ ಬಗ್ಗೆ ಚಕಾರ ಎತ್ತಿಲ್ಲ.

ಡೈವೋರ್ಸಿನಲ್ಲಿ ಕೋರ್ಟು ‘ಮದುವೆ ಆಗಿತ್ತು, ಇವತ್ತಿಗೆ ಮುಗೀತು’ ಎನ್ನುತ್ತದೆ. ಅಸಿಂಧು ಅಂದರೆ ಬುಡದಲ್ಲೇ ಹುಳುಕು. ಮೊದಲನೆಯವಳು ಇರುವಾಗಲೇ ಇನ್ನೊಬ್ಬಳಿಗೆ ತಾಳಿ ಕಟ್ಟಿದ ಗೌಡರದು 11ನೇ ಕಲಮು. ಪುರೋಹಿತರು ಎಷ್ಟು ಮಂತ್ರ ಹೇಳಿದ್ದರೂ ಅಲ್ಲಿ ಮದುವೆಯೇ ನಡೆದಿಲ್ಲ. ಹದಿನೆಂಟು ತುಂಬದ ಹುಡುಗಿಯನ್ನು ರಾತ್ರೋರಾತ್ರಿ ಧಾರೆ ಎರೆದರೂ ಅಷ್ಟೇ. ಕರ್ನಾಟಕ ತಂದ ತಿದ್ದುಪಡಿಯಿಂದ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿಂದಲೇ ಶೂನ್ಯ. ಆದರೆ ಇಂಥ ಸಂಬಂಧದಲ್ಲಿ ಹುಟ್ಟಿದ ಮಕ್ಕಳು ಶೂನ್ಯವಲ್ಲ. ಅಪ್ಪನ ಪಾಲಿಗೆ ಬರುವ ಆಸ್ತಿಯಲ್ಲಿ ಅವರಿಗೂ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು, ಅದೂ ಕರ್ನಾಟಕದ್ದೇ ರೇವಣಸಿದ್ದಪ್ಪ ಪ್ರಕರಣದಲ್ಲಿ. ಅಂದಿನಿಂದ ಗೌಡರಿಗೆ ನಿದ್ದೆ ಕಡಿಮೆ.

12ನೇ ಕಲಮಿನದು ಬೇರೆ ಕತೆ. ಬೆದರಿಸಿ ಮಾಡಿದ್ದು, ಮುಖ್ಯ ಸಂಗತಿ ಮುಚ್ಚಿಟ್ಟು ಒಪ್ಪಿಸಿದ್ದು, ದಾಂಪತ್ಯವೇ ಸಾಧ್ಯವಿಲ್ಲದ್ದು ಇದರಡಿ ಬರುತ್ತವೆ. ಗಂಡನೋ ಹೆಂಡತಿಯೋ ಕೋರ್ಟಿಗೆ ಹೋಗಿ ರದ್ದು ಮಾಡಿಸುವ ತನಕ ಇವೆಲ್ಲ ಮದುವೆಯೇ.

ಮುಚ್ಚಿಡುವುದರಲ್ಲಿ ನಮ್ಮವರದು ಪಳಗಿದ ಕೈ. ಮೂವತ್ತಾರು ಗುಣ ಕೂಡಿಸಿ ತೋರಿಸುತ್ತಾರೆ, ಹುಡುಗನ ಆಸ್ಪತ್ರೆ ಫೈಲು ಮಾತ್ರ ಬೀರುವಿನಲ್ಲಿ ಸೀರೆಗಳ ಕೆಳಗಿರುತ್ತದೆ. ಕಾಯಿಲೆ ತಪ್ಪಲ್ಲ ಮಾರಾಯ್ರೆ, ಬೀಗ ಹಾಕಿದ್ದು ತಪ್ಪು. ‘ಮದುವೆ ಮಾಡಿದ್ರೆ ಸರಿ ಹೋಗ್ತಾನೆ’ ಎಂಬ ಚಿಕಿತ್ಸೆಯನ್ನು ಯಾವ ಮೆಡಿಕಲ್ ಕಾಲೇಜೂ ಕಲಿಸುವುದಿಲ್ಲ, ಎಲ್ಲ ಸೋದರತ್ತೆಯರಿಗೂ ಗೊತ್ತು.

ಹುಡುಗಿಗೆ ವಿಷಯ ತಿಳಿಯುತ್ತದೆ, ತವರಿಗೆ ಬರುತ್ತಾಳೆ. ಹಿರಿಯರು ಜಗಲಿ ಮೇಲೆ ಕೂರುತ್ತಾರೆ. ಕಾಯಿದೆಯ ಪ್ರಕಾರ ಮೋಸ ತಿಳಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ತಿಳಿದ ಮೇಲೆ ಮನಸಾರೆ ಕೂಡಿ ಬಾಳಿರಬಾರದು. ಹಿರಿಯರ ತೀರ್ಪೋ: ‘ಒಂದ್ ವರ್ಷ ಹೊಂದ್ಕೊಂಡ್ ನೋಡು ತಂಗಿ, ಎಲ್ಲ ಸರಿ ಹೋಗ್ತತಿ.’ ಉಡಿ ತುಂಬಿ ಬಸ್ಸು ಹತ್ತಿಸುತ್ತಾರೆ. ಅವಳ ಕೇಸು ಆ ಬಸ್ಸಿನಲ್ಲೇ ಅರ್ಧ ಬಿದ್ದುಹೋಯಿತು, ವರ್ಷ ತುಂಬಿದ ದಿನ ಪೂರ್ತಿ.

ಇದೇ ಹಿರಿಯರು ಅತ್ತೆ ಸೊಸೆ ಮುನಿಸಿಗೆ ಮೂರೇ ತಿಂಗಳಲ್ಲಿ ಛಾಪಾ ಕಾಗದ ತರಿಸಿ ‘ಬಿಡುಗಡೆ’ ಬರೆಸುತ್ತಾರೆ. ರೂಢಿಯ ಬಲವಿಲ್ಲದ ಆ ಕಾಗದಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ. ವಿಪರೀತ ಕಷ್ಟವಿದ್ದರೆ ಮಾತು ಬೇರೆ, ಇಲ್ಲದಿದ್ದರೆ ವಿಚ್ಛೇದನದ ಅರ್ಜಿಯನ್ನು ಮದುವೆಯಾಗಿ ವರ್ಷ ಕಳೆಯದೆ ಹಾಕುವಂತೆಯೇ ಇಲ್ಲ. ಓಡಬೇಕಾದಲ್ಲಿ ಕೂರಿಸುತ್ತಾರೆ, ಕೂರಬೇಕಾದಲ್ಲಿ ಓಡಿಸುತ್ತಾರೆ.

ಹಿರಿಯರೇ, ಮಗಳು ‘ಮೋಸ ಆಗೇತಿ’ ಅಂದ ತಾರೀಖನ್ನು ಬರೆದಿಟ್ಟುಕೊಂಡು, ಜಗಲಿ ಬಿಟ್ಟು ಸೊರಬಕ್ಕೆ ಹೊರಡಿ. ತಾಲ್ಲೂಕು ಕಾನೂನು ಸೇವಾ ಸಮಿತಿ ಹೆಣ್ಣುಮಕ್ಕಳಿಗೆ ಆದಾಯ ಕೇಳದೆ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಬುದ್ಧಿವಾದ ಹೇಳುವುದಿದ್ದರೆ ಹುಡುಗನ ಮನೆಯವರಿಗೆ ಹೇಳಿ.