ಸೆಕೆಯ ವರ್ಗಾವಣೆ

ಏಪ್ರಿಲ್ ಬಂತೆಂದರೆ ನಮ್ಮೂರು ತ್ಯಾವಣಿಗೆಯಲ್ಲಿ ಕಾರಿಗೆ ಬೆಲೆ ಕಟ್ಟುವ ಲೆಕ್ಕವೇ ಬೇರೆ. ಯಾವ ಕಂಪನಿ, ಎಷ್ಟನೇ ಇಸವಿ, ಎಷ್ಟು ಓಡಿದೆ ಎಂದು ಯಾರೂ ಕೇಳುವುದಿಲ್ಲ. ಯಾವ ಮರದ ಕೆಳಗೆ ನಿಂತಿದೆ ಎಂದು ನೋಡುತ್ತಾರೆ. ಹೊಂಗೆಮರದಡಿ ನಿಂತ ಹಳೇ ಮಾರುತಿ 800ರ ಎದುರು, ಬಯಲಿನಲ್ಲಿ ಬೇಯುತ್ತಿರುವ ಹದಿನೈದು ಲಕ್ಷದ ಗಾಡಿಯೂ ಬಡಪಾಯಿಯೇ. ಆ ಹಳೇ ಮಾರುತಿ ನಮ್ಮದು. ಎ.ಸಿ. ಇಲ್ಲದ ಮಾಡೆಲ್ಲು, ಗಾಢ ಮೆರೂನ್ ಬಣ್ಣ, ಸೀಟಿಗೆ ಕರೀ ರೆಕ್ಸಿನ್. ಮಧ್ಯಾಹ್ನ ಪಂಚೆ ಉಟ್ಟು ಆ ಸೀಟಿನ ಮೇಲೆ ಕೂತವರು ಕೂತಷ್ಟೇ ವೇಗದಲ್ಲಿ ಏಳುವುದನ್ನು ನೋಡಲೆಂದೇ ಎದುರು ಹೋಟೆಲಿನ ಬೆಂಚಿನ ಮೇಲೆ ಕೆಲವರು ಟೀ ಹೀರುತ್ತಾ ಕಾದಿರುತ್ತಾರೆ.

ನೆರಳಿನಲ್ಲೂ ದರ್ಜೆಗಳಿವೆ. ಹೊಂಗೆಯದು ದಟ್ಟ ನೆರಳು, ಮೊದಲ ದರ್ಜೆ. ಬೇವಿನದು ಸ್ವಲ್ಪ ಸೋರುತ್ತದೆ, ಆದರೂ ಪರವಾಗಿಲ್ಲ. ಹುಣಸೆಯ ನೆರಳು ಚೆನ್ನಾಗಿದ್ದರೂ ಅಲ್ಲಿ ಗಾಡಿ ನಿಲ್ಲಿಸಲು ಅಜ್ಜಿ ಬಿಡುವುದಿಲ್ಲ. ಆ ಮರದಲ್ಲಿ ಇರುವವರಿಗೆ ಈಗ ಕಾರು ಓಡಿಸಲೂ ಬರುತ್ತದೆ ಎಂಬುದು ಅವಳ ಗುಮಾನಿ. ತೆಂಗಿನ ಮರದ ನೆರಳು ಕೈಯಗಲ, ಅದರಿಂದ ಬೀಳುವ ಕಾಯಿ ತಲೆಯಗಲ. ಇನ್ನು ಚಿಕ್ಕಪ್ಪನ ಅಡಿಕೆ ತೋಟ ಇಡೀ ಊರಿಗೇ ತಂಪಾದ ಜಾಗ, ನಿಜ. ಆದರೆ ಭದ್ರಾ ನಾಲೆಯ ನೀರಿನ ಸರದಿ ಬಂದ ದಿನ ಅಲ್ಲಿ ನಿಲ್ಲಿಸಿದ ಕಾರು ಬೆಳಗಾಗುವಷ್ಟರಲ್ಲಿ ಅರ್ಧ ಚಕ್ರ ಹೂತುಕೊಂಡು ತಾನೂ ಒಂದು ಬೆಳೆಯಾಗಿರುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಎಂದರೆ ನೆರಳಿಗೆ ಪಹಣಿ ಇಲ್ಲ. ಹನ್ನೊಂದಕ್ಕೆ ನಮ್ಮದಾಗಿದ್ದ ನೆರಳು ಒಂದು ಗಂಟೆಗೆ ಗೊಬ್ಬರದಂಗಡಿಯ ಬೈಕಿನದಾಗಿ, ಮೂರಕ್ಕೆ ಯಾರದೋ ಎಮ್ಮೆಯ ಸ್ವಾಧೀನಕ್ಕೆ ಹೋಗುತ್ತದೆ. ಎಮ್ಮೆಯನ್ನು ಎಬ್ಬಿಸಿ ಕಾರು ನಿಲ್ಲಿಸುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಕಾರು ಯಾಕೆ ಹೀಗೆ ಕಾಯುತ್ತದೆ ಎಂದು ಊರಿಗೆಲ್ಲ ತಿಳಿಸಿ ಹೇಳಿದವರು ನಮ್ಮ ಭಾವ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ನಿವೃತ್ತರಾದವರು. ಪಾಠ ಮಾತ್ರ ನಿವೃತ್ತಿಯಾಗಿಲ್ಲ. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಸೀಟು ಅದನ್ನು ಕುಡಿದು ಕಾಯುತ್ತದೆ, ಕಾದ ಸೀಟು ಹೊರಸೂಸುವ ಶಾಖವನ್ನು ಅದೇ ಗಾಜು ಹೊರಗೆ ಬಿಡುವುದಿಲ್ಲ. 2005ರಲ್ಲಿ ಅಮೆರಿಕದ ವೈದ್ಯರು ಇದನ್ನು ಅಳೆದು ಪ್ರಕಟಿಸಿದರಂತೆ: ಬಿಸಿಲಲ್ಲಿ ನಿಂತ ಕಾರಿನೊಳಗೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಅದರಲ್ಲಿ ಶೇ. 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಗಾಜನ್ನು ಒಂದಿಂಚು ಇಳಿಸಿಟ್ಟರೂ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಅವರ ಊರಿನ ಹದವಾದ ಬಿಸಿಲಿಗೇ ಇಷ್ಟಾದರೆ ನಮ್ಮ 38 ಡಿಗ್ರಿಗೆ ಎಷ್ಟಾಗಬೇಡ? ಈ ಕಾರಣಕ್ಕೇ ‘ಐದು ನಿಮಿಷ ಬಂದೆ’ ಎಂದು ಮಗುವನ್ನು ಕಾರಿನಲ್ಲಿ ಕೂರಿಸಿ ಅಂಗಡಿಗೆ ಇಳಿಯುವವರನ್ನು ಭಾವ ಬೀದಿಯಲ್ಲೇ ನಿಲ್ಲಿಸಿ ಬೈಯುತ್ತಾರೆ. ಆ ಒಂದು ವಿಷಯದಲ್ಲಿ ಅವರ ಬೈಗುಳಕ್ಕೆ ಯಾರೂ ನಗುವುದಿಲ್ಲ.

ಭಾವನ ಸಿದ್ಧಾಂತ ಇಷ್ಟೇ: “ನೋಡಯ್ಯಾ, ಶಾಖ ಅನ್ನೋದು ಸರ್ಕಾರಿ ನೌಕರ ಇದ್ದಂಗೆ. ಕೆಲಸದಿಂದ ತೆಗೆಯೋಕ್ ಆಗಲ್ಲ, ಬೇರೆ ಕಡೆ ವರ್ಗ ಮಾಡಬಹುದು.” ಎ.ಸಿ. ಮಾಡುವುದೂ ಅದನ್ನೇ. ಒಳಗಿನ ಶಾಖವನ್ನು ಎತ್ತಿ ಹೊರಗೆ ಸುರಿಯುತ್ತದೆ, ಸುರಿದದ್ದಕ್ಕೆ ಪೆಟ್ರೋಲಿನಲ್ಲಿ ಭತ್ಯೆ ಕೇಳುತ್ತದೆ. ಆ ಭತ್ಯೆ ಕೊಡದೆ ವರ್ಗಾವಣೆ ಮಾಡಿಸುವುದು ಹೇಗೆ ಎಂಬುದೇ ನಮ್ಮ ಮನೆಯ ಬೇಸಿಗೆ ಉದ್ಯೋಗ.

ಅತ್ಯಂತ ಅಗ್ಗದ ಉಪಾಯ ಬಾಗಿಲು ಬೀಸುವುದು. ಎಡಗಡೆ ಹಿಂದಿನ ಗಾಜು ಇಳಿಸಿ, ಬಲಗಡೆ ಡ್ರೈವರ್ ಬಾಗಿಲನ್ನು ಐದಾರು ಸಲ ಬೀಸಿ ತೆಗೆದು ಹಾಕಿದರೆ ಒಳಗಿನ ಕಾದ ಗಾಳಿ ಹೊರಬಿದ್ದು ಹೊರಗಿನದು ನುಗ್ಗುತ್ತದೆ. ಖರ್ಚಿಲ್ಲ, ಫಲ ತಕ್ಷಣ. ಒಂದೇ ಕೊರತೆ, ಇದನ್ನು ಊರ ನಡುವೆ ಗುಟ್ಟಾಗಿ ಮಾಡಲಾಗುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಾನು ಬಾಗಿಲು ಬೀಸಲು ಶುರುಮಾಡಿದರೆ ಲಾಕ್ ಕೂರುತ್ತಿಲ್ಲವೆಂದು ತಿಳಿದು ಒಬ್ಬರು ಎಣ್ಣೆ ತರುತ್ತಾರೆ, ಇನ್ನೊಬ್ಬರು “ಹಂಗಲ್ಲ ಬಿಡಪ್ಪ, ಹಿಂಗೆ” ಎಂದು ಭುಜ ಕೊಟ್ಟು ಒತ್ತಿ ಬಾಗಿಲನ್ನು ಮುಚ್ಚಿಯೇಬಿಡುತ್ತಾರೆ. ಮೂರನೆಯವರು ಹೆಂಡತಿಯ ಕಡೆ ತಿರುಗಿ, “ಮನೇಲಿ ಏನಾದ್ರೂ ಮಾತು ಬಂತೇನಮ್ಮ?” ಎಂದು ಮೆಲ್ಲಗೆ ವಿಚಾರಿಸುತ್ತಾರೆ.

ಚಿಕ್ಕಪ್ಪನದು ಬಿಸಿಲನ್ನು ಬಾಗಿಲಲ್ಲೇ ತಡೆಯುವ ಪಂಥ. ಅವರು ತಮ್ಮ ಗಾಡಿಗೆ ಹಿಂದೆ ಕಪ್ಪು ಫಿಲ್ಮ್ ಅಂಟಿಸಿದ್ದರು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಕಾರಿನ ಗಾಜಿಗೆ ಫಿಲ್ಮಾಗಲಿ ಬೇರಾವುದೇ ವಸ್ತುವಾಗಲಿ ಅಂಟಿಸಕೂಡದು ಎಂದಿತು. ಮುಂದಿನ ಹಿಂದಿನ ಗಾಜು ಶೇ. 70, ಪಕ್ಕದವು ಶೇ. 50 ಬೆಳಕು ಬಿಡಬೇಕೆಂಬ ನಿಯಮಕ್ಕೆ ಕಾರ್ಖಾನೆಯಿಂದ ಬಂದ ಗಾಜೇ ಸಾಕು, ಮೇಲೆ ನಿಮ್ಮ ಕೈಚಳಕ ಬೇಡ ಎಂದು. ಚಿಕ್ಕಪ್ಪ ಸೀಮೆಎಣ್ಣೆ ಹಚ್ಚಿ ಬ್ಲೇಡಿನಲ್ಲಿ ಕೆರೆಯುತ್ತಾ, “ಏಪ್ರಿಲ್‌ನಲ್ಲೇ ಹೇಳ್ಬೇಕಿತ್ತಾ, ಡಿಸೆಂಬರ್‌ನಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವಾ?” ಎಂದು ನ್ಯಾಯಾಂಗದ ಬಗ್ಗೆ ತಮ್ಮ ಏಕೈಕ ಟೀಕೆಯನ್ನು ಮಾಡಿದರು.

ನಿಂತ ಗಾಡಿಗೆ ಹೊದಿಸಲು ಮಾತ್ರ ಯಾವ ಕೋರ್ಟಿನ ಅಡ್ಡಿಯೂ ಇಲ್ಲ. ಅದಕ್ಕೆ ನಮ್ಮ ಸೀಮೆಯಲ್ಲಿ ಹೇರಳವಾಗಿ ಬೆಳೆಯುವ ವಸ್ತುವೊಂದಿದೆ: ಫ್ಲೆಕ್ಸ್. ಹುಟ್ಟುಹಬ್ಬದ ಶುಭಾಶಯ, ಜಾತ್ರೆಗೆ ಸ್ವಾಗತ, ಗೆದ್ದದ್ದಕ್ಕೆ ಅಭಿನಂದನೆ, ಸೋತದ್ದಕ್ಕೆ ಕೃತಜ್ಞತೆ. ಹಬ್ಬ ಮುಗಿದ ಮೇಲೆ ಅವು ಕೊಟ್ಟಿಗೆಯ ಸೂರಾಗಿ, ಅಡಿಕೆ ಒಣಗಿಸುವ ಹಾಸಾಗಿ, ಕೊನೆಗೆ ನಮ್ಮ ಕಾರಿನ ಮುಂಗಾಜಿಗೆ ಬರುತ್ತವೆ. ಬಿಳಿಯ ಬೆನ್ನು ಹೊರಗೆ, ಮುಖ ಒಳಗೆ. ಬಿಸಿಲು ಗಾಜಿಗೆ ತಾಗುವ ಮೊದಲೇ ವಾಪಸಾಗುವುದರಿಂದ ಒಳಗಿಡುವ ಪರದೆಗಿಂತ ಇದೇ ಮೇಲು ಎಂದು ಭಾವ ಸರ್ಟಿಫಿಕೇಟು ಕೊಟ್ಟಿದ್ದಾರೆ. ಹಾಗೆ ಹೊದಿಸಿದ್ದ ಒಂದು ಮಧ್ಯಾಹ್ನ ಅಜ್ಜಿ ಎಲೆಚೀಲ ಹುಡುಕಿಕೊಂಡು ಕಾರಿನ ಬಾಗಿಲು ತೆಗೆದವಳು, ಗಾಜಿನಾಚೆ ಅಷ್ಟಗಲ ಮುಖವೊಂದು ಕೈಮುಗಿದು ನಗುತ್ತಿರುವುದನ್ನು ಕಂಡು ಗಡಬಡಿಸಿ ಸೆರಗು ಸರಿಮಾಡಿಕೊಂಡು, “ಕೂತ್ಕೊಳ್ರೀ, ಹುಡುಗ್ರನ್ನ ಕರೀತೀನಿ” ಎಂದು ಒಳಗೆ ಓಡಿಬಂದಳು.

ಬಣ್ಣದ ವಿಚಾರವೂ ಚರ್ಚೆಗೆ ಬಂತು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಮಾದರಿಯ ಎರಡು ಹೋಂಡಾ ಸಿವಿಕ್‌ಗಳನ್ನು, ಒಂದು ಕಪ್ಪು ಇನ್ನೊಂದು ಬೆಳ್ಳಿ ಬಣ್ಣದ್ದು, ಬಿಸಿಲಿಗೆ ನಿಲ್ಲಿಸಿ ನೋಡಿದ್ದರು. ಕಪ್ಪಿನ ಮಾಡು 25 ಡಿಗ್ರಿಯವರೆಗೆ ಹೆಚ್ಚು ಕಾದಿತ್ತು, ಒಳಗಿನ ಗಾಳಿ ಐದಾರು ಡಿಗ್ರಿ ಹೆಚ್ಚು. ಇದನ್ನು ಕೇಳಿದಾಗ ನನಗೆ ಹೊಳೆದದ್ದು ಸರ್ಕಾರಿ ಅಂಬಾಸಿಡರ್‌ಗಳ ಮರ್ಮ. 1996ರಲ್ಲಿ ನಮ್ಮ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾದ ಕಾಲಕ್ಕೆ ಈ ರಸ್ತೆಗಳಲ್ಲಿ ಧೂಳೆಬ್ಬಿಸಿಕೊಂಡು ಓಡುತ್ತಿದ್ದವೆಲ್ಲ ಬಿಳೀ ಅಂಬಾಸಿಡರ್‌ಗಳು, ಸೀಟಿಗೆ ಬಿಳೀ ಟರ್ಕಿ ಟವೆಲು. ನಾವದನ್ನು ಗತ್ತು ಎಂದುಕೊಂಡಿದ್ದೆವು. ಅದು ಭೌತಶಾಸ್ತ್ರವೂ ಆಗಿತ್ತು. ಆ ಗಾಡಿಯ ಮುಂದಿನ ಬಾಗಿಲುಗಳಲ್ಲಿ ತಿರುಗಿಸಬಹುದಾದ ಪುಟ್ಟ ತ್ರಿಕೋನದ ಗಾಜೊಂದಿತ್ತು. ಅದನ್ನು ಓರೆ ಮಾಡಿದರೆ ಓಡುವ ಗಾಳಿ ನೇರ ಎದೆಗೆ ಬಂದು ಬಡಿಯುತ್ತಿತ್ತು. ಎ.ಸಿ. ಬಂದ ಮೇಲೆ ಕಂಪನಿಗಳೆಲ್ಲ ಆ ಗಾಜನ್ನು ಕಿತ್ತುಹಾಕಿದವು. ಕಾರುಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಅವಿವೇಕ ನಡೆದಿಲ್ಲ ಎಂದು ನಾನು ಯಾರ ಎದುರು ಬೇಕಾದರೂ ವಾದಿಸಬಲ್ಲೆ.

ಮೆರೂನಿಗೆ ಬಿಳಿ ಬಳಿಸಲು ಮೆಕ್ಯಾನಿಕ್ ಕೇಳಿದ ಹಣ ಕಾರಿನ ಬೆಲೆಗಿಂತ ಹೆಚ್ಚಿತ್ತು. ಚಿಕ್ಕಪ್ಪ ಸುಣ್ಣ ಹೊಡೆಯಲು ಸಿದ್ಧರಿದ್ದರು. ಅದೇ ಹೊತ್ತಿಗೆ, 2019ರ ಬೇಸಿಗೆಯಲ್ಲಿ, ಅಹಮದಾಬಾದಿನಲ್ಲಿ ಒಬ್ಬರು ತಮ್ಮ ಟೊಯೊಟಾ ಕೊರೊಲಾಕ್ಕೆ ಪೂರ್ತಿ ಸಗಣಿ ಸಾರಿಸಿದ ಚಿತ್ರ ಎಲ್ಲರ ಮೊಬೈಲಿಗೂ ಬಂತು. ಸಗಣಿಯ ವಿಷಯದಲ್ಲಿ ನಮ್ಮೂರು ಅಹಮದಾಬಾದಿನಿಂದ ಕಲಿಯಬೇಕಾದ ದುರ್ಗತಿ ಬಂತಲ್ಲ ಎಂದು ಕೊಟ್ಟಿಗೆಯವರಿಗೆಲ್ಲ ಅವಮಾನವಾಯಿತು. ಭಾವ ಶಾಂತವಾಗಿ, ತಗಡಿಗೆ ಸಾರಿಸಿದರೆ ಸ್ವಲ್ಪ ತಡೆ ಹೌದು, ಆದರೆ ಹೆಚ್ಚಿನ ಬಿಸಿಲು ಬರುವುದು ಗಾಜಿನಿಂದ, ಅದಕ್ಕೂ ಸಾರಿಸಿದರೆ ರಸ್ತೆ ಕಾಣುವುದು ಹೇಗೆ ಎಂದರು. ಅಜ್ಜಿಯ ಆಕ್ಷೇಪ ಬೇರೆ: “ಸಾರಿಸಿದ ಮೇಲೆ ದಿನಾ ರಂಗೋಲಿ ಹಾಕ್ಬೇಕು. ಯಾರ್ ಹಾಕ್ತೀರಿ ಹೇಳ್ರಿ.” ಪ್ರಸ್ತಾವ ಅಲ್ಲಿಗೇ ಬಿತ್ತು.

ಆಮೇಲೆ ಐಸು. ಎ.ಸಿ.ಯನ್ನು ಟನ್ನಿನಲ್ಲಿ ಅಳೆಯುವುದೇಕೆ ಗೊತ್ತೇನು ಎಂದು ಭಾವ ಒಂದು ಸಂಜೆ ಶುರುಮಾಡಿದರು. ಅದು ಯಂತ್ರದ ತೂಕವಲ್ಲ. ಹಿಂದೆ ಅಮೆರಿಕದಲ್ಲಿ ಕಟ್ಟಡಗಳನ್ನು ಐಸಿನಿಂದ ತಂಪು ಮಾಡುತ್ತಿದ್ದಾಗ, ಅವರ ಒಂದು ಟನ್, ಎಂದರೆ 907 ಕಿಲೋ ಐಸು ಇಪ್ಪತ್ನಾಲ್ಕು ಗಂಟೆಯಲ್ಲಿ ಕರಗಿ ಎಷ್ಟು ಶಾಖ ನುಂಗುತ್ತದೋ ಅದೇ ಒಂದು ಟನ್ ತಂಪು. ಹಾಗಾದರೆ ನೇರ ಐಸನ್ನೇ ಇಟ್ಟರಾಯಿತಲ್ಲ ಎಂದು ಚಿಕ್ಕಪ್ಪನ ಮಗ ಥರ್ಮೊಕೋಲ್ ಡಬ್ಬಿಗೆ ಹಳೇ ಕಂಪ್ಯೂಟರಿನ ಪುಟ್ಟ ಫ್ಯಾನು ಕಟ್ಟಿದ. ನಮ್ಮ ಕಡೆ ಬೇಕೆಂದಾಗ ಐಸು ಸಿಗುವುದು ಶಾಂತಿಸಾಗರವೆಂದೂ ಕರೆಯುವ ಸೂಳೆಕೆರೆಯ ಮೀನು ಮಾರುವವರ ಬಳಿ. ಹತ್ತು ಕಿಲೋ ತಂದ. ಗಾಳಿ ತಣ್ಣಗೆ ಬಂತು, ಅದರ ಜೊತೆಗೆ ಶಾಂತಿಸಾಗರದ ಸಮಸ್ತ ಜಲಚರಗಳೂ ಬಂದವು. ಉಪ್ಪಿನಕಾಯಿಯನ್ನೂ ಮಡಿಯಲ್ಲಿ ಮುಟ್ಟುವ ಅಜ್ಜಿ ಹಿಂದಿನ ಸೀಟಿನಲ್ಲಿ ಮೂಗಿಗೆ ಸೆರಗು ಒತ್ತಿಕೊಂಡು ಶಿವ ಶಿವಾ ಎನ್ನುತ್ತಾ ಕೂತಳು. ಲೆಕ್ಕ ಮಾಡಿದರೆ ಹತ್ತು ಕಿಲೋ ಐಸು ಒಂದು ಟನ್ನಿನ ಎ.ಸಿ.ಯ ಹದಿನಾರು ನಿಮಿಷಕ್ಕೆ ಸಮ. ದಾವಣಗೆರೆ ದಾರಿಯ ಹದಡಿ ಬರುವಷ್ಟರಲ್ಲಿ ಡಬ್ಬಿಯಲ್ಲಿ ನೀರು ಉಳಿದಿತ್ತು; ವಾಸನೆ ಯುಗಾದಿಯಿಂದ ಕಾರಹುಣ್ಣಿಮೆಯವರೆಗೆ ಉಳಿಯಿತು.

ನಿಜವಾದ ಮರ್ಯಾದೆ ಸಲ್ಲಬೇಕಾದದ್ದು ನೀರಿಗೆ, ಐಸಿಗಲ್ಲ. ಒಂದು ಲೀಟರ್ ನೀರು ಆರಿ ಆವಿಯಾಗುವಾಗ ನುಂಗುವಷ್ಟು ಶಾಖ ನುಂಗಲು ಏಳು ಕಿಲೋ ಐಸು ಕರಗಬೇಕು. ನಮ್ಮ ಹೂಜಿಗೆ, ಲಾವಂಚದ ತಟ್ಟಿಗೆ, ಟ್ರ್ಯಾಕ್ಟರಿನ ನೀರಿನ ಕ್ಯಾನಿಗೆ ಸುತ್ತುವ ಒದ್ದೆ ಗೋಣಿಗೆ ಇದು ಮೊದಲಿನಿಂದಲೂ ಗೊತ್ತು. ಎ.ಸಿ. ಅಪರೂಪವಾಗಿದ್ದ ಕಾಲದಲ್ಲಿ ಅಮೆರಿಕದ ಮರುಭೂಮಿ ರಾಜ್ಯಗಳಲ್ಲಿ ಕಾರಿನ ಕಿಟಕಿಗೆ ಉರುಳೆಯಾಕಾರದ ಡಬ್ಬಿಯೊಂದನ್ನು ನೇತುಹಾಕುತ್ತಿದ್ದರು. ಒಳಗೆ ನೀರು, ನೀರಲ್ಲಿ ನೆನೆಯುವ ಮರದ ನಾರಿನ ದಿಂಡು. ಗಾಡಿ ಓಡಿದಂತೆ ಬಿಸಿಗಾಳಿ ಅದರ ಮೂಲಕ ನುಗ್ಗಿ ತಂಪಾಗಿ ಒಳಬರುತ್ತಿತ್ತು; ದಿಂಡು ಒಣಗಿದರೆ ಒಳಗಿನಿಂದ ಹಗ್ಗ ಎಳೆದು ತಿರುಗಿಸಿ ಮತ್ತೆ ನೆನೆಸಬೇಕು. ಭಾವ ಪ್ಲಾಸ್ಟಿಕ್ ಡ್ರಮ್ಮು ಕತ್ತರಿಸಿ, ಲಾವಂಚದ ಬೇರು ತುಂಬಿ, ಅಂಥದ್ದೇ ಒಂದನ್ನು ಮಾಡಿ ನಮ್ಮ ಮಾರುತಿಯ ಎಡಕಿಟಕಿಗೆ ಕಟ್ಟಿದರು. ಜಗಳೂರು ಕಡೆಯ ಒಂದು ಮದುವೆಗೆ ಅದೇ ಗಾಡಿಯಲ್ಲಿ ಹೊರಟೆವು.

ತ್ಯಾವಣಿಗೆ ಬಿಡುವವರೆಗೆ ಭಾವನ ಯಂತ್ರಕ್ಕೆ ಏನೂ ಮಾಡಲಾಗಲಿಲ್ಲ. ನಾಲೆಯ ನೀರು ಬಿಟ್ಟಿದ್ದಾರೆ, ರಸ್ತೆಯ ಎರಡೂ ಕಡೆ ಬೇಸಿಗೆ ಭತ್ತ ನೀರಲ್ಲಿ ನಿಂತಿದೆ, ಪಕ್ಕದಲ್ಲಿ ತೋಟ. ಗಾಳಿಗೇ ಹೊಟ್ಟೆ ತುಂಬಿರುವಾಗ ಇನ್ನಷ್ಟು ನೀರು ಕುಡಿ ಎಂದರೆ ಎಲ್ಲಿ ಕುಡಿಯುತ್ತದೆ? ನಾವು ಬೆವರಿ, ಮೇಲೆ ಲಾವಂಚದ ಪರಿಮಳ ಪೂಸಿಕೊಂಡು ಹಬೆಯಲ್ಲಿ ಬೆಂದೆವು. ಭದ್ರಾ ಡ್ಯಾಮು 186 ಅಡಿ ತುಂಬಲಿ ಎಂದು ವರ್ಷವಿಡೀ ಕೈಮುಗಿಯುವ ಚಿಕ್ಕಪ್ಪ ಅಂದು ಮೊದಲ ಸಲ ನೀರಾವರಿಯನ್ನು ಬೈದರು. ಆದರೆ ದಾವಣಗೆರೆ ದಾಟಿ ಜಗಳೂರಿನ ಒಣ ನೆಲ ಶುರುವಾದದ್ದೇ ತಡ, ಡ್ರಮ್ಮಿನಿಂದ ಗಾಳಿ ತಣ್ಣಗೆ ಬೀಸತೊಡಗಿತು. ಒಂದೇ ಜಿಲ್ಲೆ, ಒಂದೇ ಡ್ರಮ್ಮು. ಭಾವನ ಮುಖದಲ್ಲಿ ನಿವೃತ್ತಿಯ ದಿನ ಶಾಲು ಹೊದಿಸಿಕೊಂಡಾಗಲೂ ಇಲ್ಲದ ಕಳೆ. “ಜಗಳೂರಿಗೆ ನೀರಿಲ್ಲ ಅಂತೀರಿ, ಈ ಸುಖ ನಿಮ್ಮ ತೋಟದ ಸೀಮೆಗೆ ಉಂಟಾ?” ಎಂದು ಚಿಕ್ಕಪ್ಪನ ಕಡೆ ತಿರುಗಿದರು. ಆಗಲೇ ಊರ ಬಾಗಿಲಿನ ರೋಡ್ ಹಂಪ್ ಬಂತು. ಡ್ರಮ್ಮಿನ ನೀರೆಲ್ಲ ಎದ್ದು ಒಳಕ್ಕೆ ಹಾರಿ, ಪಕ್ಕದಲ್ಲಿ ಕೂತಿದ್ದ ಅಕ್ಕನ ರೇಷ್ಮೆ ಸೀರೆಯ ಮೇಲೆ ಇಳಿಯಿತು. ಮದುವೆಮನೆಯಲ್ಲಿ ಅಕ್ಕ ಭಾವನ ಜೊತೆ ಮಾತಾಡಲಿಲ್ಲ. ಯಂತ್ರವನ್ನು ಈಗ ಅವರ ಮನೆಯ ಕೋಳಿಗೂಡಿನ ಮುಂದೆ ಕಾಣಬಹುದು. ಕೋಳಿಗಳು ದೂರು ಹೇಳಿಲ್ಲ.

ಕೊನೆಗೆ ಕಳೆದ ವರ್ಷ ಚಿಕ್ಕಪ್ಪನ ಮಗ ಅಡಿಕೆಗೆ ರೇಟು ಬಂದಾಗ ಎ.ಸಿ. ಇರುವ ಹೊಸ ಗಾಡಿ ತಂದ. ಮೊದಲ ಪ್ರಯಾಣ ಸಂತೇಬೆನ್ನೂರಿಗೆ, ಅಜ್ಜಿ ಮುಂದಿನ ಸೀಟಿನಲ್ಲಿ. ಗಾಜು ಏರಿಸಿ ಗುಂಡಿ ಒತ್ತಿದ, ತಂಪು ಹರಿಯಿತು. ಹೋಟೆಲಿನ ಹತ್ತಿರ ಬರುತ್ತಿದ್ದಂತೆ ಅಜ್ಜಿ ಗಾಜು ಇಳಿಸು ಎಂದಳು. ಬೆಂಚಿನ ಮೇಲೆ ಕೂತವರನ್ನು ಮಾತಾಡಿಸದೆ ಹೋದರೆ, ನಾಳೆ ಅವರು ನಮ್ಮ ಮನೆಯ ತಿಥಿಗೂ ಬರುವುದಿಲ್ಲವಂತೆ. ಸ್ವಲ್ಪ ಮುಂದೆ ಎಲೆಅಡಿಕೆ ಉಗುಳಬೇಕಾಯಿತು, ಮತ್ತೆ ಇಳಿಯಿತು. ಆಮೇಲೆ ಯಾರದೋ ತೋಟದಲ್ಲಿ ಬೋರು ಕೊರೆಯುವ ಸದ್ದು ಕೇಳಿ, ನೀರು ಬಿತ್ತೋ ಇಲ್ಲವೋ ವಿಚಾರಿಸಬೇಕಾಯಿತು. ಊರು ದಾಟುವ ಹೊತ್ತಿಗೆ ನಾಲ್ಕೂ ಗಾಜು ಕೆಳಗಿದ್ದವು, ಎ.ಸಿ. ಪೂರ್ತಿ ಜೋರಿನಲ್ಲಿ ಓಡುತ್ತಿತ್ತು.

“ಅಜ್ಜೀ, ಗಾಜು ಏರಿಸ್ಲಾ? ತಂಪೆಲ್ಲ ಹೊರಗ್ ಹೋಗ್ತಾ ಐತೆ.”

“ಹೋದ್ರೆ ಹೋಗ್ಲಿ ಬಿಡೋ. ಬಿಸಿಲಲ್ಲಿ ನಿಂತೋರಿಗೂ ಒಂಚೂರು ತಾಗ್ಲಿ. ನೀನ್ ಮೊದ್ಲು ಗಾಡಿ ನಿಲ್ಸು, ಅಲ್ಲಿ ನಿಂತಿರೋಳು ಸರೋಜಿ ಅಲ್ವೇನೋ?”