ದೀಪ ಹಚ್ಚೋದರೊಳಗೆ

ನಮ್ಮ ಮನೆಯಲ್ಲೊಂದು ಕುರ್ಚಿ ಇದೆ. ಅದರ ಮೇಲೆ ಮನುಷ್ಯಮಾತ್ರದವರು ಕೂತಿದ್ದನ್ನು ನಾನು ಕಂಡಿಲ್ಲ. ತಂತಿಯಿಂದ ತಂದ ಬಟ್ಟೆ, ಒಂದೇ ಸಲ ಹಾಕಿದ್ದರಿಂದ ಒಗೆಯಲೂ ಆಗದ, ಬೀರು ಸೇರಿಸಲೂ ಮನಸ್ಸು ಬಾರದ ಷರಟು, ಜೊತೆ ತಪ್ಪಿಸಿಕೊಂಡ ಸಾಕ್ಸು, ಎಲ್ಲಕ್ಕೂ ಅದೇ ಆಸನ. ದಸರಾ ಬಂದರೆ ಮೈಸೂರಿನ ಅರಮನೆಯಲ್ಲಿ ಸಿಂಹಾಸನ ನೋಡಲು ಜನ ಟಿಕೆಟ್ ಕೊಂಡು ಸಾಲು ನಿಲ್ಲುತ್ತಾರೆ. ನಮ್ಮ ಮನೆಯದಕ್ಕೆ ವರ್ಷವಿಡೀ ಬಿಟ್ಟಿ ದರ್ಶನ.

ನಮ್ಮ ಇದೇ ಮೈಸೂರು 2016ರ ಸ್ವಚ್ಛ ಸರ್ವೇಕ್ಷಣದಲ್ಲಿ 73 ನಗರಗಳ ಪೈಕಿ ಮೊದಲನೆಯದು. ಸರ್ವೇಕ್ಷಣದವರು ಮನೆಯೊಳಕ್ಕೆ ಕಾಲಿಡಲಿಲ್ಲ ಅನ್ನೋದು ಊರಿನ ಪುಣ್ಯ. ಇಲ್ಲಿನ ಕುಂಬಾರಕೊಪ್ಪಲಿನ ತ್ಯಾಜ್ಯ ಘಟಕದಲ್ಲಿ ಬಡಾವಣೆಯ ಕಸವನ್ನೆಲ್ಲ ಬಗೆಬಗೆಯಾಗಿ ವಿಂಗಡಿಸುತ್ತಾರೆ. ನನಗೆ ಒಗೆದದ್ದು, ಒಗೆಯದ್ದು ಎಂದು ಎರಡು ಮಾಡಲು ಆಗಿಲ್ಲ.

ಹಾಗಂತ ಪ್ರಯತ್ನ ಮಾಡದವನಲ್ಲ. ಜನವರಿ ಒಂದಕ್ಕೆ ವೇಳಾಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ. ಸೋಮವಾರ ಜೇಡರ ಬಲೆ, ಮಂಗಳವಾರ ಫ್ಯಾನು, ಬುಧವಾರ ಬೀರು, ಹೀಗೆ. ಯುಗಾದಿಗೆ ಮನೆ ತೊಳೆಯುವಾಗ ಫ್ರಿಜ್ ಎಳೆದರೆ ಹಿಂದುಗಡೆ ಆ ಹಾಳೆ ಸಿಕ್ಕಿತು. ಅದರ ಮೇಲೇ ಜೇಡರ ಬಲೆ.

ಒಂದು ದಿನ ಕಾಂಪೌಂಡಿನ ಆಚೆ ಪಕ್ಕದ ಮನೆ ಅಜ್ಜಿ ಬಟ್ಟೆ ತೆಗೆಯುತ್ತಿದ್ದರು. ಕೇಳಿಯೇಬಿಟ್ಟೆ.

“ಯಾವಾಗ ಬಂದರೂ ನಿಮ್ಮನೆ ಕನ್ನಡಿ ಇದ್ದಹಾಗಿರುತ್ತಲ್ಲ ಅಜ್ಜಿ, ದಿನವಿಡೀ ಒರೆಸ್ತಾನೇ ಇರ್ತೀರಾ?”

“ದಿನವಿಡೀ ಒರೆಸೋಕೆ ನಾನೇನು ಪಾತ್ರೆ ಅಂಗಡಿ ಇಟ್ಟಿದೀನೇನಪ್ಪ?”

ಮಾತಾಡುತ್ತಲೇ ಕ್ಲಿಪ್ ತೆಗೆದರು, ಲಂಗವನ್ನು ಗಾಳಿಗೊಮ್ಮೆ ಒದರಿದರು, ಅಲ್ಲೇ ನಾಲ್ಕು ಮಡಿಕೆ ಮಾಡಿ ತೋಳಿನ ಮೇಲೆ ಇಟ್ಟುಕೊಂಡರು. “ತಂತಿ ಹತ್ರಾನೇ ಮಡಚ್ಬೇಕು ಕಣಪ್ಪ. ಒಂದ್ಸಲ ಕುರ್ಚಿಗೆ ಹಾಕಿದ್ಯೋ, ಅದು ಕುರ್ಚಿದೇ ಆಗೋಯ್ತು.” ನಮ್ಮ ಮನೆಯ ಸಿಂಹಾಸನದ ಸುದ್ದಿ ಇವರಿಗೆ ಯಾರು ಹೇಳಿದರೋ!

ಅಜ್ಜಿಯದು ವೇಳಾಪಟ್ಟಿಯಿಲ್ಲದ ದಿನಚರಿ. ಬೆಳಿಗ್ಗೆ ಪೌರಕಾರ್ಮಿಕರ ಸೀಟಿ ಕೇಳುವುದರೊಳಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಟ್ಟಾಗಿರಬೇಕು, ಹಸಿ ಕಸ ಒಣ ಕಸ ಬೇರೆಬೇರೆಯಾಗಿ ಗೇಟಿನ ಬಳಿ ಇರಬೇಕು. ಸೀಟಿ ಯಾರಿಗೂ ಕಾಯುವುದಿಲ್ಲ. ಹಾಲು ಉಕ್ಕಿದರೆ ಒಲೆ ಬೆಚ್ಚಗಿರುವಾಗಲೇ ಒರೆಸಬೇಕು. “ಈಗಾದ್ರೆ ಬಟ್ಟೆ ಸಾಕು, ನಾಳೆಗಾದ್ರೆ ಚಾಕು ಬೇಕು.” ಸಂಜೆ ದೀಪ ಹಚ್ಚುವ ಮೊದಲು ಒಂದು ಸಲ ಗುಡಿಸುವುದು. ಆಮೇಲೆ ಪೊರಕೆ ಮುಟ್ಟುವ ಹಾಗಿಲ್ಲ.

“ಲಕ್ಷ್ಮಿ ಹೊರಟುಹೋಗ್ತಾಳೆ ಅಂತ ಅಲ್ವಾ?” ಎಂದು ನನ್ನ ಪಾಂಡಿತ್ಯ ಬಿಚ್ಚಿದೆ. ಬುಡ್ಡಿದೀಪದ ಮಬ್ಬಿನಲ್ಲಿ ಮೂಗುಬೊಟ್ಟೋ ಓಲೆಯ ತಿರುಪೋ ಕಸದ ಜೊತೆ ಹೋದೀತೆಂದು ಹಿರಿಯರು ಹಾಗೆ ಹೇಳಿರಬೇಕು, ಎಂದೆಲ್ಲ ಕೊರೆದೆ.

ಅಜ್ಜಿ ಪೂರ್ತಿ ಕೇಳಿಸಿಕೊಂಡು ನಕ್ಕರು. “ಇದ್ರೂ ಇರಬಹುದು. ನಾನು ಸೊಸೆಯಾಗಿ ಬಂದ ಮನೇಲಿ ಹದಿನಾಲ್ಕು ಜನ. ಈ ಮಾತು ಒಂದು ಇಲ್ದೇ ಹೋಗಿದ್ರೆ ನಮ್ಮತ್ತೆ ರಾತ್ರಿ ಹತ್ತಕ್ಕೂ ಕೈಗೆ ಪೊರಕೆ ಕೊಡೋರು. ಲಕ್ಷ್ಮಿ ಹೆಸರು ಹೇಳಿ ಮೂಲೆಗಿಟ್ಟುಬಿಡ್ತಿದ್ದೆ!”

ಅಲ್ಲಿಗೆ ನನ್ನ ಪಾಂಡಿತ್ಯ ಕಾಂಪೌಂಡಿನ ಈಚೆಗೆ ಬಿತ್ತು. ಮನೆ ಓರಣದ ಬಗ್ಗೆ ಓದಿದ್ದು, ನೋಡಿದ್ದು ಕಡಿಮೆಯಿಲ್ಲ. ಎಲ್ಲರೂ ಎಲ್ಲಿಂದ ಶುರುಮಾಡಬೇಕು ಎಂದು ಹೇಳುವವರೇ, ಎಷ್ಟಕ್ಕೆ ನಿಲ್ಲಿಸಬೇಕು ಎಂದು ಒಬ್ಬರಾದರೂ ಹೇಳಿದ್ದು ನೆನಪಿಲ್ಲ. ನಿಲ್ಲಿಸುವ ಹೊತ್ತು ಗೊತ್ತಿಲ್ಲದ ಕೆಲಸಕ್ಕೆ ಕೈಹಾಕಲು ಯಾರಿಗೆ ತಾನೇ ಧೈರ್ಯ ಬರುತ್ತದೆ? ಮನಸ್ಸಿಗೆ ಮುದ ಕೊಡದ ವಸ್ತುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ ಎಂದು ಜಗತ್ತಿಗೇ ಪಾಠ ಹೇಳಿದ ಜಪಾನಿನ ಮರಿ ಕೊಂಡೊ ಅವರೇ, ಮೂರು ಮಕ್ಕಳಾದ ಮೇಲೆ ಆ ಹಟವನ್ನು ಹೆಚ್ಚುಕಡಿಮೆ ಕೈಬಿಟ್ಟೆ ಎಂದು 2023ರಲ್ಲಿ ಒಪ್ಪಿಕೊಂಡರು. ಆ ಸುದ್ದಿಯನ್ನು ಹೆಂಡತಿಗೆ ಖುಷಿಯಿಂದ ಓದಿ ಹೇಳಿದ್ದೆ.

“ಅವರು ಕೈಬಿಟ್ಟರು. ನೀವು ಹಿಡಿದದ್ದು ಯಾವಾಗ?” ಎಂದಳು.

ಅಜ್ಜಿಯ ಪಾಠವಾಗಿ ತಿಂಗಳಾಯಿತು. ಸೀಟಿ ಕೇಳಿದರೆ ಬಕೆಟ್ ಗೇಟಿನ ಹತ್ತಿರ ಇರುತ್ತದೆ, ಒಲೆ ಬೆಚ್ಚಗಿರುವಾಗಲೇ ಒರೆಸುವುದು ರೂಢಿಯಾಗಿದೆ. ತಂತಿಯ ಹತ್ತಿರ ಮಡಚುವ ವಿದ್ಯೆ ಮಾತ್ರ ಕೈಹತ್ತುತ್ತಿಲ್ಲ. ಇವತ್ತು ಮಡಚೋಣವೆಂದುಕೊಂಡೇ ಇದನ್ನು ಬರೆಯಲು ಕೂತೆ. ಈಗ ಆರೂಕಾಲು, ಆಚೆ ಮನೆಯಲ್ಲಿ ಅಜ್ಜಿ ದೀಪ ಹಚ್ಚಿ ಗಂಟೆ ಆಡಿಸಿದ್ದು ಕೇಳಿಸಿತು. ಪೊರಕೆಗೆ ಮಾಡಿದ ಆ ನಿಯಮವನ್ನು ನಾನು ಬಟ್ಟೆಗೂ ಅನ್ವಯಿಸಿಕೊಂಡಿದ್ದೇನೆ. ಕುರ್ಚಿಯ ಮೇಲೆ ನಾಲ್ಕು ಷರಟು, ಎರಡು ಟವೆಲು, ಒಂದು ಬೆಡ್‌ಶೀಟು ಇವೆ.