ಹತ್ತು ನಿಮಿಷ ಸಾರ್

ನಮ್ಮ ಮನೆಯ ಟಿವಿಯ ಮೂಲೆಯಲ್ಲಿ ಅಂಗಡಿಯವರು ಅಂಟಿಸಿಕೊಟ್ಟ ‘ಫುಲ್ ಎಚ್‌ಡಿ’ ಎಂಬ ಸ್ಟಿಕ್ಕರ್ ಇವತ್ತಿಗೂ ಹಾಗೇ ಇದೆ. ಕಿತ್ತರೆ ಗ್ಯಾರಂಟಿ ಹೋಗುತ್ತದೆಂದು ನನ್ನ ಹೆಂಡತಿ. ಕಿತ್ತರೆ ಬಂದ ನೆಂಟರಿಗೆ ಗೊತ್ತಾಗುವುದು ಹೇಗೆಂದು ನಾನು. ಕಾರಣ ಬೇರೆಯಾದರೂ ಇಬ್ಬರ ತೀರ್ಮಾನ ಒಂದೇ ಆಗುವುದು ನಮ್ಮ ಸಂಸಾರದಲ್ಲಿ ಅಪರೂಪ. ಹಾಗಾಗಿ ಅದನ್ನು ಯಾರೂ ಮುಟ್ಟಿಲ್ಲ.

ನಲವತ್ತಮೂರು ಇಂಚಿನ ಈ ಟಿವಿಯನ್ನು ದಸರಾ ಆಫರಿನಲ್ಲಿ ತಂದು ಗೋಡೆಗೆ ಹೊಡೆಸಿದ ದಿನವೇ ಅಮ್ಮ, “ಹಳೇದ್ರಲ್ಲೇ ಚೆನ್ನಾಗಿ ಕಾಣ್ತಿತ್ತು ಕಣೋ” ಅಂದರು. ಎಂಬತ್ತು ದಾಟಿದವರು, ಹತ್ತು ವರ್ಷದ ಹಿಂದೆ ತೆಗೆಸಿದ ಪೊರೆ ಮತ್ತೆ ಬಂತೇನೋ ಎಂದು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಹನಿ ಬಿಟ್ಟು, ಕತ್ತಲೆ ಕೋಣೆಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಓದಿಸಿ, “ಇವರ ಕಣ್ಣಿಗೇನೂ ಆಗಿಲ್ಲ, ನಿಮ್ಮನೆ ಟಿವಿನ ಯಾರಿಗಾದ್ರೂ ತೋರಿಸಿ” ಎಂದು ನಾನೂರು ರೂಪಾಯಿ ತೆಗೆದುಕೊಂಡರು. ಅದನ್ನು ನಾನು ತಮಾಷೆಯ ಮಾತೆಂದು ತಿಳಿದೆ.

ತಮಾಷೆಯಲ್ಲ ಎಂದು ಗೊತ್ತಾದದ್ದು 2023ರ ನವೆಂಬರ್ 19ರ ಭಾನುವಾರ. ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್. ದೊಡ್ಡ ಟಿವಿಯವರ ಮನೆಯೆಂದು ನಮ್ಮ ರಸ್ತೆಯ ಏಳೆಂಟು ಜನ ಬಂದು ಕೂತಿದ್ದರು. ನನ್ನ ಹೆಂಡತಿ ಎರಡು ಸುತ್ತು ಬೋಂಡ ಕರಿದಿದ್ದಳು. ಹತ್ತು ಓವರ್ ಆಗಿರಲಿಲ್ಲ, ಎದುರು ಮನೆಯವರು ಕಣ್ಣು ಕಿರಿದು ಮಾಡಿಕೊಂಡು, “ಏನ್ ಸಾರ್, ಗುಜರಾತಲ್ಲೂ ಮಡಿಕೇರಿ ಥರ ಮಂಜು ಬೀಳತ್ತಾ?” ಎಂದು ಕೇಳಿದರು. ನಮ್ಮ ಕೆ.ಎಲ್. ರಾಹುಲ್ ಅವತ್ತು 107 ಎಸೆತ ಆಡಿ 66 ರನ್ ಮಾಡಿದ, ಅದರಲ್ಲಿ ಒಂದೇ ಒಂದು ಫೋರ್. ಊರವರೆಲ್ಲ ಪಿಚ್ಚನ್ನು ಬೈದರೆ ನಮ್ಮ ಹಾಲಿನಲ್ಲಿ ಕೂತವರು ಮಾತ್ರ, “ಪಾಪ, ಅವನಿಗೂ ಚೆಂಡು ಕಾಣ್ತಿಲ್ಲ” ಎಂದು ಮರುಗಿದರು. ಭಾರತ ಆರು ವಿಕೆಟ್ಟಿನಿಂದ ಸೋತಿತು. ಚಪ್ಪಲಿ ಮೆಟ್ಟಿಕೊಳ್ಳುತ್ತ ಎದುರು ಮನೆಯವರು ಸಮಾಧಾನ ಹೇಳಿದರು: “ಒಂದು ಲೆಕ್ಕಕ್ಕೆ ಒಳ್ಳೇದಾಯ್ತು ಬಿಡಿ ಸಾರ್. ಸೋತಿದ್ದು ಸರಿಯಾಗಿ ಕಾಣಲಿಲ್ಲ.”

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಅವತ್ತು ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ. ಸಾದಾ ಚಾನೆಲ್ಲಿನ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ, ಗುಣಿಸಿದರೆ 4,14,720. ನನ್ನ ಟಿವಿಯ ಪರದೆಯಲ್ಲಿ 1920ಕ್ಕೆ 1080, ಅಂದರೆ 20,73,600. ಸರಿಯಾಗಿ ಐದು ಪಟ್ಟು, ಶೇಷ ಸೊನ್ನೆ. ಬರುತ್ತಿರುವುದು ಒಂದು ಸೌಟು ಹಿಟ್ಟು, ನಾನು ಇಟ್ಟಿರುವುದು ಐದು ದೋಸೆಯ ಕಾವಲಿ. ಹಳೆಯ ಪುಟ್ಟ ಟಿವಿಯಲ್ಲಿ ಅದೇ ಒಂದು ಸೌಟು ಗುಂಡಗೆ, ದಪ್ಪಗೆ, ರುಚಿಯಾಗಿ ಬರುತ್ತಿತ್ತು. ಅಮ್ಮ ಹೇಳಿದ್ದು ಸರಿ. ಡಾಕ್ಟರು ಹೇಳಿದ್ದೂ ಸರಿ. ಚೀಟಿ ಅಂಟಿಸಿದ ಅಂಗಡಿಯವನೂ ಸುಳ್ಳು ಹೇಳಿರಲಿಲ್ಲ. ಕಾವಲಿ ದೊಡ್ಡದು ಅಂದನೇ ಹೊರತು ಹಿಟ್ಟು ಕೊಡುತ್ತೇನೆ ಅಂದಿರಲಿಲ್ಲ.

ಹಿಟ್ಟು ಕೊಡಬೇಕಾದವನು ಕೇಬಲ್ ಹುಡುಗ.

ಹುಡುಗ ಅಂದರೆ ಈಗ ನಲವತ್ತೈದರ ಹತ್ತಿರದವನು, ತಲೆ ನೆರೆತಿದೆ. ಆದರೆ ಮೈಸೂರಿನ ನಮ್ಮ ಬಡಾವಣೆಗೆ ಅವನು ಕಟಿಂಗ್ ಪ್ಲೇಯರ್ ಹಿಡಿದು ಬಂದಾಗ ಮೀಸೆ ಚಿಗುರುತ್ತಿತ್ತು, ಆ ಲೆಕ್ಕದಲ್ಲಿ ಹುಡುಗನೇ. ಕರೆಂಟು ಕಂಬದಿಂದ ತೆಂಗಿನ ಮರಕ್ಕೆ, ತೆಂಗಿನ ಮರದಿಂದ ನಮ್ಮ ತಾರಸಿಗೆ ಕಪ್ಪು ವೈರು ಎಳೆಯುತ್ತಿದ್ದ. ಮಂಗ ಜೋತಾಡಿದರೆ ಒಂದು ಚಾನೆಲ್, ತೆಂಗಿನ ಗರಿ ಬಿದ್ದರೆ ಎಲ್ಲ ಚಾನೆಲ್ ಹೋಗುತ್ತಿತ್ತು. ಫೋನ್ ಮಾಡಿದರೆ ಒಂದೇ ಉತ್ತರ: “ಹತ್ತು ನಿಮಿಷ ಸಾರ್.” ಆ ಹತ್ತು ನಿಮಿಷ ಕೆಲವು ಸಲ ಎರಡು ಗಂಟೆ, ಕೆಲವು ಸಲ ಮಾರನೆಯ ಬೆಳಗ್ಗೆ. ಆದರೆ ಬರುತ್ತಿದ್ದ. ಬಂದು ಪಿನ್ನು ಬಾಯಲ್ಲಿ ಕಚ್ಚಿಕೊಂಡು, “ಏನಿಲ್ಲ ಅಮ್ಮಾ, ಲೂಸ್ ಆಗಿತ್ತು” ಎಂದು ತಿರುಗಿಸಿ, ಅಮ್ಮ ಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದ. ಚಿತ್ರದಲ್ಲಿ ಹಸಿರು ಗೆರೆ ಉಳಿದರೂ ಕಾಫಿ ಕುಡಿದವನನ್ನು ಬೈಯಲಾಗುತ್ತಿರಲಿಲ್ಲ.

ಅವನ ಹೆಸರು ನಮಗೆ ಗೊತ್ತಿರಲಿಲ್ಲ. ನನ್ನ ಫೋನಿನಲ್ಲಿ ಅವನು ‘ಕೇಬಲ್’, ಅವನ ಫೋನಿನಲ್ಲಿ ನಾನು ‘ನೀಲಿ ಗೇಟ್’. 2008ರಲ್ಲಿ ನಂಜನಗೂಡಿನ ಛತ್ರದ ವಿಳಾಸವಿರುವ ಒಂದು ಲಗ್ನಪತ್ರಿಕೆ ಬಾಗಿಲ ಸಂದಿಯಿಂದ ಒಳಗೆ ಬಿದ್ದಿತ್ತು. ಯಾವ ಕಡೆಯ ನೆಂಟರು ಎಂದು ಅಪ್ಪ, ಅಮ್ಮ, ನಾನು ಎರಡು ದಿನ ವಂಶವೃಕ್ಷ ಜಾಲಾಡಿದೆವು. ಮೂರನೆಯ ದಿನ ಅಮ್ಮನೇ, “ಅವನು ಕರೆಯೋಕೆ ಬಂದಾಗ ಹೆಗಲ ಮೇಲೆ ವೈರಿನ ಸುರುಳಿ ಇತ್ತು ಅಂತ ಪಕ್ಕದ ಮನೆಯವರು ಹೇಳಿದ್ರು” ಎಂದು ಬಿಡಿಸಿದರು. ಮದುವೆಗೆ ಹೋದೆವು. ಅವತ್ತು ಬೆಳಗಿನಿಂದ ಇಡೀ ಬಡಾವಣೆಗೆ ಕೇಬಲ್ ಇರಲಿಲ್ಲ. ಸರಿಮಾಡಬೇಕಾದವನು ಹಸೆಮಣೆಯ ಮೇಲಿದ್ದ. ಬಾಸಿಂಗ ಕಟ್ಟಿಕೊಂಡವನ ಕಿವಿಯ ಹತ್ತಿರ ಯಾರೋ ಬಗ್ಗಿ ದೂರು ಹೇಳಿದ್ದನ್ನೂ ಅವನು, “ಹತ್ತು ನಿಮಿಷ” ಅಂದದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಮುಂದಿನ ವಾರ ಆ ಮದುವೆಯ ವಿಡಿಯೋ ಅವನದೇ ಲೋಕಲ್ ಚಾನೆಲ್ಲಿನಲ್ಲಿ ಮೂರು ಗಂಟೆ ಬಂತಂತೆ. ಊಟದ ಭಾಗ ಬರುವ ಹೊತ್ತಿಗೆ ನಮ್ಮ ಕಡೆ ಕರೆಂಟು ಹೋಯಿತು.

ಆಮೇಲೆ ಡಬ್ಬಿ ಬಂತು. ಬೆಂಗಳೂರು, ಮೈಸೂರು ಸೇರಿ ದೇಶದ 38 ನಗರಗಳಲ್ಲಿ 2013ರ ಮಾರ್ಚ್ 31ರ ಒಳಗೆ ಎಲ್ಲ ಕೇಬಲ್ ಡಿಜಿಟಲ್ ಆಗಬೇಕೆಂದು ಸರ್ಕಾರ ಗಡುವು ಕೊಟ್ಟಿತು. ಸೆಟ್ ಟಾಪ್ ಬಾಕ್ಸ್ ಇಟ್ಟವರಿಗೆ ಚಿತ್ರ, ಇಡದವರಿಗೆ ಗೋಡೆ. ಇದರಿಂದ ಕೇಬಲ್ ಹುಡುಗನ ಪದವಿಯೂ ಬದಲಾಯಿತು. ಮುಂಚೆ ಅವನೇ ರಾಜ, ಅವನ ಮನೆಯ ಮೇಲಿನ ಕೊಡೆಯೇ ಸಿಂಹಾಸನ. ಈಗ ಮೇಲೊಂದು ಕಂಪನಿ. ಇವನು ದುಡ್ಡು ವಸೂಲಿ ಮಾಡಿ ವೈರು ನೋಡಿಕೊಳ್ಳುವವನು. ಅವನ ಲೋಕಲ್ ಚಾನೆಲ್ಲನ್ನು ಕಂಪನಿಯವರು ಒಂಬೈನೂರರ ಆಚೆಯ ಯಾವುದೋ ನಂಬರಿಗೆ ಗಡೀಪಾರು ಮಾಡಿದರು.

2019ರ ಫೆಬ್ರವರಿಯಲ್ಲಿ ಇನ್ನೊಂದು ಸುಧಾರಣೆ. ನೋಡುವ ಚಾನೆಲ್ಲಿಗೆ ಮಾತ್ರ ದುಡ್ಡು ಕೊಡಿ ಎಂದು ಟ್ರಾಯ್ ಹೊಸ ನಿಯಮ ತಂದಿತು. ಕೇಳಲು ನ್ಯಾಯವಾಗಿತ್ತು. ಮೊದಲ ನೂರು ಚಾನೆಲ್ಲಿನ ಗಂಟಿಗೆ ಹೆಚ್ಚೆಂದರೆ 130 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 153 ರೂಪಾಯಿ 40 ಪೈಸೆ. ಇದು ಬರೀ ಬಾಗಿಲು ತೆರೆಯುವುದಕ್ಕೆ. ಅಮ್ಮ ನೋಡುವ ಧಾರಾವಾಹಿಗಳೆಲ್ಲ ಬಾಗಿಲ ಒಳಗಿನ ಇನ್ನೊಂದು ಬಾಗಿಲ ಆಚೆ. ಒಂದೊಂದು ಚಾನೆಲ್ಲಿಗೆ ಒಂದೊಂದು ಬೆಲೆ, ಗೊಂಚಲು ತಗೊಂಡರೆ ಬೇರೆ ಬೆಲೆ. ನಾನು ಮೂರು ಸಲ ಕೂಡಿ ಮೂರು ಮೊತ್ತ ತೆಗೆದೆ. ಆ ನಿಯಮದಲ್ಲಿ ನನಗೆ ಮರೆಯಲಾರದ ಒಂದು ಸಾಲಿತ್ತು: ಒಂದು ಎಚ್‌ಡಿ ಚಾನೆಲ್ಲನ್ನು ಎರಡು ಸಾದಾ ಚಾನೆಲ್ ಎಂದು ಎಣಿಸಬೇಕು. “ಒಂದು ಅದು ಹೇಗೋ ಎರಡಾಗತ್ತೆ? ನೀನು ಮೇಷ್ಟ್ರಲ್ವಾ?” ಎಂದು ಅಮ್ಮ ಕೇಳಿದರು. ಕೋಳಿಗೂ ಟಿಕೆಟ್ ಹರಿಯುವ ನಮ್ಮ ಸರ್ಕಾರಿ ಬಸ್ಸನ್ನು ನೆನಪಿಸಿ, ಜಾಗ ಹಿಡಿಯೋದಕ್ಕೆ ದುಡ್ಡು ಎಂದು ವಿವರಿಸಿದೆ. “ಕೋಳಿಗೆ ಅರ್ಧ ಟಿಕೆಟ್ ಕಣೋ, ಎರಡಲ್ಲ” ಅಂದರು.

ಅದಾದ ಮೇಲೆ 2023ರ ಫೆಬ್ರವರಿಯಲ್ಲಿ ಚಾನೆಲ್ಲಿನ ದೊಡ್ಡ ಕಂಪನಿಗಳಿಗೂ ಕೇಬಲ್ ಕಂಪನಿಗಳಿಗೂ ದರದ ಜಗಳ ಹತ್ತಿ, ಒಪ್ಪಂದಕ್ಕೆ ಸಹಿ ಹಾಕದವರಿಗೆ ಚಾನೆಲ್‌ಗಳನ್ನೇ ನಿಲ್ಲಿಸಿಬಿಟ್ಟರು. ಶುಕ್ರವಾರ ಅಮ್ಮನ ನಾಯಕಿ ಮೆಟ್ಟಿಲ ಮೇಲೆ ಕಾಲು ಜಾರಿದ್ದಳು. ಶನಿವಾರ ಪರದೆ ಕಪ್ಪು. ಅಮ್ಮನ ಊಟ ಸೇರಲಿಲ್ಲ. ಕೆಲವು ದಿನದ ಮೇಲೆ ದೊಡ್ಡವರು ರಾಜಿಯಾಗಿ ಚಿತ್ರ ಬಂದಾಗ ನೋಡಿದರೆ, ಅವಳು ಇನ್ನೂ ಕೆಳಗಿನ ಮೆಟ್ಟಿಲು ಮುಟ್ಟಿರಲಿಲ್ಲ.

ಇಷ್ಟು ಚರಿತ್ರೆ ಗೊತ್ತಿದ್ದೂ ವಿಶ್ವಕಪ್ಪಿನ ಅವಮಾನಕ್ಕೆ ನಾನು ಎಚ್‌ಡಿ ಹಾಕಿಸಲು ಹೊರಟೆ. ಹುಡುಗ ತಲೆ ಕೆರೆದುಕೊಂಡ. “ಹಾಕಿಸ್ಬೋದು ಸಾರ್. ಆಟದ್ದು ಬರುತ್ತೆ, ಪ್ರಾಣಿಗಳದ್ದು ಬರುತ್ತೆ, ತಮಿಳು, ತೆಲುಗು ಸಿನಿಮಾ ಬರುತ್ತೆ. ಅಮ್ಮ ನೋಡೋ ಕನ್ನಡದ್ದು ಮಾತ್ರ ನಮ್ಮ ಲೈನಲ್ಲಿಲ್ಲ.” ಕನ್ನಡದ ದೊಡ್ಡ ಚಾನೆಲ್‌ಗಳು 2016ರಿಂದೀಚೆಗೆ ಒಂದೊಂದಾಗಿ ಎಚ್‌ಡಿ ಆಗಿವೆಯಲ್ಲಯ್ಯ ಅಂದೆ. “ಆಕಾಶದಲ್ಲಿ ಆಗಿದೆ ಸಾರ್. ನಮ್ಮ ಕಂಬಕ್ಕೆ ಇಳಿದಿಲ್ಲ.” ಅವನೇ ಗುಟ್ಟು ಬಿಡಿಸಿ ಹೇಳಿದ. ವೈರಿನಲ್ಲಿ ಜಾಗ ಇಷ್ಟೇ ಎಂದಿದೆ. ಒಂದು ಎಚ್‌ಡಿ ಕೂರುವಲ್ಲಿ ಸಾದಾ ಚಾನೆಲ್ ಮೂರ್ನಾಲ್ಕು ಕೂರುತ್ತವೆ. ಸೈಟು ಮಾರುವವರು, ಮಂಡಿನೋವಿನ ಎಣ್ಣೆ ಮಾರುವವರು ತಾವೇ ದುಡ್ಡು ಕೊಟ್ಟು ಆ ಜಾಗದಲ್ಲಿ ಕೂರುತ್ತಾರೆ. ದುಡ್ಡು ಕೊಟ್ಟು ಕೂತವರನ್ನು ಎಬ್ಬಿಸಿ ಅಮ್ಮನ ಧಾರಾವಾಹಿಗೆ ಎರಡು ಸೀಟು ಬಿಡುವ ಕಂಡಕ್ಟರ್ ಯಾರಿದ್ದಾನೆ?

ಇರಲಿ, ಆಟವಾದರೂ ಕಾಣಲೆಂದು 1,500 ರೂಪಾಯಿ ಕೊಟ್ಟೆ. ಕಂಪನಿಯಿಂದ ಒಬ್ಬ ತರುಣ ಹೊಸ ಬಾಕ್ಸ್ ತಂದ. ಟಿವಿಯ ಹಿಂದೆ ಕೈ ತೂರಿಸಿ, “ಗೋಡೆಗೆ ಒತ್ತಿ ಹೊಡೆಸಿದ್ದೀರಲ್ಲ ಸಾರ್” ಎಂದು ಗೊಣಗಿ, ಏನೋ ಚುಚ್ಚಿ, ನನ್ನಿಂದ ಎರಡು ಕಡೆ ಸಹಿ ಹಾಕಿಸಿಕೊಂಡು ಹೋದ. ಹಾಕಿ ನೋಡಿದೆ. ಅದೇ ಮಡಿಕೇರಿ.

ಅಲ್ಲಿಂದ ಶುರುವಾಯಿತು ನನ್ನ ಗ್ರಾಹಕ ಸೇವೆ. ಅವರು ನನಗೆ ಮಾಡಿದ್ದಲ್ಲ, ನಾನು ಅವರಿಗೆ ಮಾಡಿದ್ದು. ಕನ್ನಡಕ್ಕೆ ಮೂರು ಒತ್ತಿದರೆ ಹಾಡು, ಹಾಡು ಮುಗಿದರೆ ಹಿಂದಿ. “ಬಾಕ್ಸ್ ಆಫ್ ಮಾಡಿ ಆನ್ ಮಾಡಿ” ಎಂಬ ಮಂತ್ರವನ್ನು ಜನವರಿಯಿಂದ ಏಪ್ರಿಲ್‌ವರೆಗೆ ನಿಷ್ಠೆಯಿಂದ ಪಾಲಿಸಿದೆ. ನಾನು ದೂರು ಹೇಳಿ ಮುಗಿಸುವ ಮುಂಚೆಯೇ ‘ನಿಮ್ಮ ದೂರು ಬಗೆಹರಿದಿದೆ’ ಎಂಬ ಮೆಸೇಜು ಬಂದುಬಿಡುತ್ತಿತ್ತು. ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಯಂತ್ರ ಕೇಳಿತು. ಮೂವತ್ತು ವರ್ಷ ಪೇಪರ್ ತಿದ್ದಿದ ಕೈ. ಯಾರನ್ನೂ ಫೇಲು ಮಾಡಲು ಮನಸ್ಸು ಬಾರದೆ ಮೂರೂವರೆ ಕೊಡೋಣವೆಂದು ಮೂರು, ಆಮೇಲೆ ಐದು ಒತ್ತಿದೆ. ‘ನಿಮ್ಮ ಆಯ್ಕೆ ಸರಿಯಿಲ್ಲ’ ಎಂದು ಅದು ನನ್ನನ್ನೇ ಫೇಲು ಮಾಡಿತು. ಹುಡುಗನಿಗೆ ಫೋನ್ ಮಾಡಿದರೆ, “ಎಚ್‌ಡಿ ನಮ್ಮ ಕೈಲಿಲ್ಲ ಸಾರ್, ಕಂಪನಿದು” ಎಂದು ನೊಂದುಕೊಂಡ. ಹತ್ತು ನಿಮಿಷ ಎನ್ನದೆ ಅವನು ಫೋನ್ ಇಟ್ಟದ್ದು ಅದೇ ಮೊದಲು.

ಮೇ ತಿಂಗಳಲ್ಲಿ ತಂಗಿಯ ಮಗಳು ರಜಕ್ಕೆ ಬಂದಳು. ಒಂಬತ್ತನೇ ಕ್ಲಾಸು ಮುಗಿಸಿದವಳು. ನನ್ನ ದೂರಿನ ನಂಬರುಗಳ ಪಟ್ಟಿಯನ್ನು ಅರ್ಧ ಕೇಳಿ, ಟಿವಿಯ ಸಂದಿಗೆ ಮೊಬೈಲ್ ಟಾರ್ಚ್ ಬಿಟ್ಟು, “ಮಾಮ, ಇದು ಹಳದಿ-ಕೆಂಪು-ಬಿಳಿ ಪಿನ್ನಲ್ಲಿದೆ. ಇದ್ರಲ್ಲಿ ಎಚ್‌ಡಿ ಬರೋದೇ ಇಲ್ಲ. ಬಾಕ್ಸ್ ಜೊತೆ ಎಚ್‌ಡಿಎಂಐ ವೈರ್ ಕೊಡ್ಲಿಲ್ವಾ?” ಅಂದಳು. ಕೊಟ್ಟಿದ್ದರು. ಪ್ಲಾಸ್ಟಿಕ್ ಕವರು ಕೂಡ ಬಿಚ್ಚದ ಹೊಸ ವೈರನ್ನು, ಯಾವುದಕ್ಕಾದರೂ ಬೇಕಾಗುತ್ತದೆ ಎಂದು ನಾನೇ ಗ್ಯಾರಂಟಿ ಕಾರ್ಡುಗಳ ಡ್ರಾಯರಿನಲ್ಲಿ ಜೋಪಾನ ಮಾಡಿದ್ದೆ. ತರುಣನ ಕೈ ಹಿಡಿಸದ ಸಂದಿಯಲ್ಲಿ ಅವಳ ಕೈ ಹಿಡಿಸಿತು. ಇಡೀ ರಿಪೇರಿಗೆ ನಾಲ್ಕು ನಿಮಿಷ. ಐದು ತಿಂಗಳು ನಾನು ಯಾರಿಗೆ ಏನೇನು ಅಂದಿದ್ದೆನೋ ಅದನ್ನು ಇಲ್ಲಿ ಬರೆಯುವುದಿಲ್ಲ.

ಚಿತ್ರ ಬಂತು. ಪ್ರಾಣಿಗಳ ಚಾನೆಲ್ಲಿನಲ್ಲಿ ಒಂದು ಓತಿಕ್ಯಾತ ಕೊಂಬೆಯ ಮೇಲೆ ಕೂತಿತ್ತು. ಅದರ ಮೈಯ ಒಂದೊಂದು ಹುರುಪೆ, ಕಣ್ಣಿನ ಸುತ್ತಲ ಒಂದೊಂದು ಸುಕ್ಕು ಎಣಿಸುವ ಹಾಗಿತ್ತು. ನಾನು ಗೆದ್ದವನಂತೆ ಅಮ್ಮನ ಕಡೆ ತಿರುಗಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿ, “ಇಷ್ಟು ಹತ್ತಿರದಿಂದ ಯಾಕೋ ನೋಡ್ಬೇಕು ಇದನ್ನ?” ಅಂದರು.

ಹುಡುಗಿ ಸುಮ್ಮನೆ ಕೂರುವವಳಲ್ಲ. ಯಾವ್ಯಾವುದು ಎಚ್‌ಡಿ ಬರುತ್ತದೆ ನೋಡುತ್ತೇನೆಂದು ಒಂದೊಂದೇ ನಂಬರು ದಾಟುತ್ತ ಹೋದಳು. ಸೈಟು, ಎಣ್ಣೆ, ಜ್ಯೋತಿಷ, ಸೈಟು. ಒಂಬೈನೂರು ದಾಟಿದ ಮೇಲೆ ಒಮ್ಮೆಗೇ ಮಂಜು ಮುಸುಕಿತು. ಚಿತ್ರ ಅಲುಗುತ್ತಿತ್ತು, ಅಡ್ಡಕ್ಕೊಂದು ಹಸಿರು ಗೆರೆ, ಕೆಳಗೆ ಫರ್ನಿಚರ್ ಅಂಗಡಿಯ ಜಾಹೀರಾತು ಓಡುತ್ತಿತ್ತು. ಯಾವುದೋ ಮದುವೆ ಊಟ. “ಅಯ್ಯೋ, ಇದ್ಯಾವ ಕಾಲದ್ದು” ಎಂದು ಅವಳು ಬದಲಿಸಹೊರಟಳು.

“ತಾಳೇ” ಅಂದರು ಅಮ್ಮ.

ನಂಜನಗೂಡಿನ ಛತ್ರ. ಕೇಬಲ್ ಹುಡುಗ ವರ್ಷಕ್ಕೊಮ್ಮೆ ಮದುವೆಯ ದಿನ ತನ್ನದೇ ಚಾನೆಲ್ಲಿನಲ್ಲಿ ಇದನ್ನು ಹಾಕುತ್ತಾನೆಂದು, ಹಾಕದಿದ್ದರೆ ಅವನ ಹೆಂಡತಿ ಬಿಡುವುದಿಲ್ಲವೆಂದು ಆಮೇಲೆ ತಿಳಿಯಿತು. ಕ್ಯಾಮೆರಾ ಪಂಕ್ತಿಯ ಉದ್ದಕ್ಕೂ ತೇಲುತ್ತ ಬಂದು ಒಂದು ಎಲೆಯ ಮುಂದೆ ನಿಂತಿತು. ಎಲೆಯ ಹಿಂದೆ ಬಿಳಿ ಪಂಚೆ, ಬಿಳಿ ತಲೆ, ನಡುವೆ ಮುಖ ಇರಬೇಕಾದಲ್ಲಿ ಹಸಿರು ಗೆರೆ.

“ಯಾರಜ್ಜಿ ಅದು?”

“ನಿಮ್ಮ ತಾತ ಕಣೆ.” ಅಪ್ಪ ಹೋಗಿ ಆಗಲೇ ಒಂಬತ್ತು ವರ್ಷವಾಗಿತ್ತು. ಅಮ್ಮ ಕುರ್ಚಿಯಿಂದ ಎದ್ದು, ಟಿವಿಯ ಹತ್ತಿರ ಹೋಗಿ, ಸೆರಗಿನಿಂದ ಪರದೆ ಒರೆಸಿದರು. ಗೆರೆ ಹೋಗಲಿಲ್ಲ. “ನೋಡು, ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಿರೋದು. ಸಕ್ಕರೆ ಕಾಯಿಲೆ ಇಟ್ಕೊಂಡು ಅರ್ಧ ತಿಂದೆ ಅಂದಿದ್ರು ನನ್ಹತ್ರ. ಅದು ಒಂದಾ, ಎರಡಾ? ಎಣಿಸೇ ನೀನು.”

ಹುಡುಗಿ ಕಣ್ಣು ಕಿರಿದು ಮಾಡಿದಳು. ನಾನೂ ಮಾಡಿದೆ. ಗೊತ್ತಾಗಲಿಲ್ಲ.

“ಫೋನ್ ಹಚ್ಚಿಕೊಡೋ ಅವನಿಗೆ” ಎಂದು ಅಮ್ಮ ಕೈ ಚಾಚಿದರು. ಹಚ್ಚಿಕೊಟ್ಟೆ. “ಏನಪ್ಪಾ, ನಿನ್ನ ಮದುವೆ ಬರ್ತಿದೆ ನಮ್ಮನೇಲಿ. ಇದಕ್ಕೆ ಎಚ್‌ಡಿ ಹಾಕ್ಸು. ಎಷ್ಟಾದ್ರೂ ಆಗ್ಲಿ, ಎರಡು ಟಿಕೆಟ್ ದುಡ್ಡು ಕೊಡ್ತೀನಿ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಪಕ್ಕದಲ್ಲಿ ನಿಂತ ನನಗೂ ಕೇಳಿಸಿತು.

“ಹತ್ತು ನಿಮಿಷ ಅಮ್ಮಾ. ಬಂದೆ.”